ಸುಳ್ಯ ಶಾಖೆಯಲ್ಲಿ ಓದಿದ ಮೊದಲ ಸಾಲು

“ಎಡಕ್ಕೆ ತಿರುಗಿಸು ಮಾರಾಯ! ಎಡ ಅಂದ್ರೆ ಎಡ, ಅದು ನಿನ್ನ ಬಲ!”

ಕೆಳಗಿನಿಂದ ಕೂಗುತ್ತಿದ್ದದ್ದು ನಮ್ಮ ಸಂಘದ ಕಡಬ ಶಾಖೆಯ ಗುಮಾಸ್ತ. ನಾನು ಶಾಖೆಯ ಶೀಟಿನ ಮಾಡಿನ ಮೇಲಿದ್ದೆ. ಒಂದು ಕೈಯಲ್ಲಿ ಆಂಟೆನಾ, ಇನ್ನೊಂದರಲ್ಲಿ ಸ್ಪ್ಯಾನರ್, ಕಾಲಡಿಯಲ್ಲಿ ಪಾಚಿ. ಮಳೆ ಮುಖಕ್ಕೇ ಹೊಡೆಯುತ್ತಿತ್ತು.

“ನೀವೇ ಮೇಲೆ ಬನ್ನಿ,” ಅಂದೆ. “ಬರುವಾಗ ನಿಮ್ಮ ಎಡವನ್ನೂ ತನ್ನಿ.”

ಕೆಳಗೆ ರೆನಿಟಾ ಮೇಡಂ ನಕ್ಕರು. ಅವರು ಮಂಗಳೂರಿನಿಂದ ಬಂದ ಇಂಜಿನಿಯರ್. ಲ್ಯಾಪ್‌ಟಾಪನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಚೀಲದೊಳಗೇ ಕೈ ಹಾಕಿ ಏನೋ ಒತ್ತುತ್ತಿದ್ದರು. “ಇನ್ನು ಸ್ವಲ್ಪ, ಲೋಕೇಶ. ಪುತ್ತೂರಿನ ಕಡೆಗೆ. ಹಾಂ, ನಿಲ್ಲಿಸು. ಹಂದಾಡಿಸಬೇಡ. ಬಂತು!”

ಬಂತು ಎಂದರೆ ಪುತ್ತೂರಿನ ಲೈನು ಬಂತು. ಆ ಮಳೆಗಾಲ ನಾನು ಮಾಡಿದ ಕೆಲಸ ಇದೇ. ಮಾಡು ಹತ್ತುವುದು, ವಯರು ಎಳೆಯುವುದು, ಜೀಪು ಓಡಿಸುವುದು.

ಮೊನ್ನೆ ಪಿಕಪ್ಪಿನಲ್ಲಿ ಸಿಮೆಂಟು ಹೇರಿಕೊಂಡು ಸುಳ್ಯ ಪೇಟೆಯಲ್ಲಿ ಹೋಗುತ್ತಿದ್ದೆ. ಅಲ್ಲಿನ ಸಂಘದ ಶಾಖೆಯ ಎದುರು ಶಾಮಿಯಾನ ಹಾಕುತ್ತಿದ್ದರು. ಒಬ್ಬ ಮೈಕಿಗೆ ಬಾಯಿ ಹಚ್ಚಿ “ಹಲೋ, ಹಲೋ” ಅಂದ. ನನ್ನ ಕಾಲು ತನ್ನಷ್ಟಕ್ಕೇ ಬ್ರೇಕಿನ ಮೇಲೆ ಹೋಯಿತು. ಹಿಂದಿದ್ದ ಆಟೋದವ ಬೈದ. ಬೈದದ್ದು ಸರಿಯೇ. ಆದರೆ ಆ ವರ್ಷ ಏನಾಯಿತು ಎಂದು ಅವನಿಗೆ ಗೊತ್ತಿಲ್ಲ. ಅದನ್ನು ಒಂದು ಸಲ ಬರೆದು ಬಿಡುತ್ತೇನೆ. ನಾನು ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವ. ಚಂದ ಮಾಡಿ ಬರೆಯಲು ಬರುವುದಿಲ್ಲ, ಬೇಕಾಗಿಯೂ ಇಲ್ಲ.

ನಮ್ಮದು ಒಂದು ಸಹಕಾರಿ ಸಂಘ. ಹೆಸರು ಬೇಡ. ಮುಖ್ಯ ಕಚೇರಿ ಪುತ್ತೂರಿನಲ್ಲಿ. ಶಾಖೆಗಳು ಕಡಬದಲ್ಲಿ, ಸುಳ್ಯದಲ್ಲಿ. ಸದಸ್ಯರಿಗೆ ಒಂದು ಆಸ್ಪತ್ರೆ ಯೋಜನೆ ಇತ್ತು. ಯಾರಾದರೂ ಆಸ್ಪತ್ರೆಗೆ ಸೇರಿದರೆ ಶಾಖೆಯಲ್ಲಿ ಅರ್ಜಿ ಕೊಡುವುದು, ಅದು ಪುತ್ತೂರಿಗೆ ಹೋಗುವುದು, ಪಾಸಾದರೆ ಸಂಘ ಬಿಲ್ಲು ಕಟ್ಟುವುದು. ಪುತ್ತೂರಿನಲ್ಲಿ ಇದರ ಲೆಕ್ಕ ಇಡುತ್ತಿದ್ದದ್ದು ಮೈನ್‌ಫ್ರೇಮ್ ಎಂಬ ಒಂದು ಹಳೇ ದೊಡ್ಡ ಕಂಪ್ಯೂಟರು. ಯಾವುದೋ ದೊಡ್ಡ ಕಂಪೆನಿ ತನಗೆ ಸಾಕೆಂದು ಬಿಟ್ಟದ್ದನ್ನು ಸಂಘದವರು ತಂದಿದ್ದರು. ದನದ ಹಟ್ಟಿಯಷ್ಟು ದೊಡ್ಡ ಕೋಣೆ, ಅದರಲ್ಲಿ ಕಪ್ಪು ಕಪಾಟಿನ ಹಾಗೆ ಅದು. ಕೋಣೆಯಲ್ಲಿ ಯಾವಾಗಲೂ ಏಸಿ. ಹೊರಗೆ ನಾವು ಬೇಸಗೆಯಲ್ಲಿ ಬೇಯುವಾಗ ಒಳಗೆ ಅದು ಚಳಿಯಲ್ಲಿ ಸುಖವಾಗಿರುತ್ತಿತ್ತು. ಕಚೇರಿಯಲ್ಲಿ ಎಲ್ಲರೂ ಅದನ್ನು ಅಜ್ಜ ಅನ್ನುತ್ತಿದ್ದರು. “ಅಜ್ಜ ಎದ್ದಿದ್ದಾನಾ?” “ಅಜ್ಜನಿಗೆ ಇವತ್ತು ಅಜೀರ್ಣ.” ಹೀಗೆ.

ಶಾಖೆಗಳ ಅರ್ಜಿಯನ್ನು ಅಜ್ಜನ ಹತ್ತಿರ ಮುಟ್ಟಿಸುತ್ತಿದ್ದದ್ದು ನಾನು. ಗೋಂದು ಹಾಕಿದ ಕವರುಗಳು, ಅವನ್ನು ಇಡಲು ಒಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಯನ್ನು ಕಟ್ಟಲು ನನ್ನ ಬೈಕು. ಕಡಬದಿಂದ ಪುತ್ತೂರು, ಸುಳ್ಯದಿಂದ ಪುತ್ತೂರು. ಹೋಗುವಾಗ ಕವರು, ಬರುವಾಗ ಕವರು. ನಾನು ಒಂದನ್ನೂ ಒಡೆದು ನೋಡಿದವನಲ್ಲ. ಶಾಖೆಯವರೂ ನೋಡುತ್ತಿರಲಿಲ್ಲ, ಬಂದ ಕವರನ್ನು ಆಯಾ ಮನೆಯವರ ಕೈಗೆ ಕೊಡುತ್ತಿದ್ದರು, ಅಷ್ಟೇ.

ಆ ವರ್ಷ ಮೇಲಿನಿಂದ ಹುಕುಂ ಬಂತು. ಜನರ ಕಾಯಿಲೆಯ ವಿಷಯ ಹೀಗೆ ಬೈಕಿನ ಹಿಂದೆ ಕಟ್ಟಿಕೊಂಡು ಹೋಗಬಾರದು, ದಾರಿಯಲ್ಲಿ ಯಾರಾದರೂ ಓದಿದರೆ? ಇನ್ನು ಮುಂದೆ ಎಲ್ಲವೂ ಬೀಗ ಹಾಕಿದ ಫೈಲಾಗಿ ಲೈನಿನಲ್ಲೇ ಹೋಗಬೇಕು ಎಂದು. ಅದಕ್ಕೇ ರೆನಿಟಾ ಮೇಡಂ ಬಂದದ್ದು. ನನಗೆ ಮ್ಯಾನೇಜರ್ ರೈಗಳು ಹೇಳಿದರು, “ಪೆಟ್ಟಿಗೆ ಇನ್ನು ಬೇಡ ಲೋಕು. ನೀನು ಮೇಡಂ ಒಟ್ಟಿಗೆ ಹೋಗು. ಅವರು ಹೇಳಿದ್ದು ಮಾಡು. ಕೆಲಸ ಎಲ್ಲಿಗೂ ಹೋಗುದಿಲ್ಲ.”

ಬೀಗ ಎಂದರೆ ಏನೆಂದು ಜೀಪಿನಲ್ಲಿ ಕೇಳಿದೆ. ಮೇಡಂ ಹೇಳಿದರು, ಎರಡು ಕೀಲಿ ಉಂಟು. ಒಂದನ್ನು ಊರಿಗೆಲ್ಲ ಕೊಡಬಹುದು, ಅದರಲ್ಲಿ ಬೀಗ ಹಾಕಲಿಕ್ಕೆ ಮಾತ್ರ ಆಗುವುದು. ಇನ್ನೊಂದು ತೆಗೆಯಲಿಕ್ಕೆ. ಅದನ್ನು ಯಾರಿಗೂ ಕೊಡಬಾರದು.

“ಹೆಂಡತಿಗೂ?”

“ಹೆಂಡತಿಗೂ ಇಲ್ಲ.”

“ಹಾಗಾದ್ರೆ ನಮ್ಮ ಊರಲ್ಲಿ ಕಷ್ಟ ಮೇಡಂ,” ಅಂದೆ.

ತಮಾಷೆಗೆ ಅಂದದ್ದು.

ಕಷ್ಟ ಮೊದಲ ದಿನವೇ ಸುರುವಾಯಿತು. ಕಡಬದ ಕಂಪ್ಯೂಟರು ಅಜ್ಜನಿಗೆ ಮೊದಲ ಸಲ ಸೇರುವಾಗ ಪರದೆಯಲ್ಲಿ ಉದ್ದದ ಅಕ್ಷರದ ಸಾಲು ಬರುತ್ತದೆ. ಅದು ಅಜ್ಜನ ಹೆಬ್ಬೆಟ್ಟಿನ ಗುರುತು. ಆಚೆ ಇರುವುದು ನಿಜವಾಗಿ ನಮ್ಮ ಅಜ್ಜನೇ, ನಡುವೆ ಬೇರೆ ಯಾರೋ ಕೂತಿಲ್ಲ ಎಂದು ನೋಡಬೇಕು. ಅದಕ್ಕೆ ಪುತ್ತೂರಿನಿಂದ ಒಬ್ಬರು ಆ ಸಾಲನ್ನು ಫೋನಿನಲ್ಲಿ ಓದಬೇಕು, ಇಲ್ಲಿ ಹೋಲಿಸಿ ನೋಡಬೇಕು. ಪುತ್ತೂರಿನಲ್ಲಿ ಫೋನು ಹಿಡಿದವರು ರೈಗಳು.

“ಎಂತ ಮೇಡಂ ಇದು, ಎ ಬಿ ಸಿ ಡಿ ಓದ್ಲಿಕ್ಕೆ ನಾನು ಬೇಕಾ? ಹೌದು ಅಂತ ಒತ್ತಿ ಬಿಡಿ. ಇಲ್ಲಿ ಇರುದು ನಮ್ಮ ಅಜ್ಜನೇ. ನನ್ನ ಸ್ವರ ಗೊತ್ತಾಗುದಿಲ್ವಾ ನಿಮಗೆ?”

“ನಿಮ್ಮ ಸ್ವರ ಗೊತ್ತಾಗ್ತದೆ ಸರ್. ಅಜ್ಜನ ಸ್ವರ ಗೊತ್ತಾಗ್ಬೇಕು.”

“ನನ್ನ ಮೇಲೆ ನಂಬಿಕೆ ಇಲ್ಲ ಅಂದ ಹಾಗಾಯ್ತಲ್ಲ!”

ರೈಗಳು ಕೆಟ್ಟವರಲ್ಲ. ದೊಡ್ಡ ಮನೆತನದವರು, ಅವರ ಮಾತನ್ನು ಇನ್ನೊಮ್ಮೆ ಕೇಳುವ ರೂಢಿ ಯಾರಿಗೂ ಇಲ್ಲ. ಆದರೂ ಮೇಡಂ ಬಿಡಲಿಲ್ಲ. ಅವರು ಓದಿದರು. ಅರ್ಧಕ್ಕೆ ನೆಟ್‌ವರ್ಕ್ ಹೋಯಿತು. ಪುನಃ ಮೊದಲಿನಿಂದ ಓದಿದರು. ಮೂರನೇ ಸಲ ಓದುವಾಗ ತುಳುವಿನಲ್ಲಿ ಬೈದುಕೊಂಡೇ ಓದಿದರು. ಮೇಡಂಗೆ ತುಳು ಚೆನ್ನಾಗಿ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. “ಸರ್, ನಡುವೆ ಒಂದು ಶಬ್ದ ಜಾಸ್ತಿ ಬಂತು, ಅದು ಇಲ್ಲಿ ಇಲ್ಲ,” ಅಂದರು ಮೇಡಂ. ರೈಗಳು ಒಮ್ಮೆ ಕೆಮ್ಮಿ, ನಾಲ್ಕನೇ ಸಲ ಬೈಗುಳವಿಲ್ಲದೆ ಓದಿದರು.

ಆಮೇಲೆ ಮೊದಲ ಫೈಲು ಬಂತು. ಮೇಡಂ ಸುಳ್ಳು ಹೆಸರು, ಸುಳ್ಳು ಊರು, ಸುಳ್ಳು ಕಾಯಿಲೆ ಹಾಕಿ ಮಾಡಿದ ಫೈಲು, ಪರೀಕ್ಷೆಗೆ. ಕಡಬದವರೆಲ್ಲ ಪರದೆಯ ಎದುರು ಬಗ್ಗಿದರು. ಪರದೆ ತುಂಬ ಬರೀ ಗೀಚು. ಕೊಂಬು, ಚುಕ್ಕಿ, ಅಡ್ಡಗೆರೆ.

“ಬೀಗ ಭಾರೀ ಒಳ್ಳೆದುಂಟು ಮೇಡಂ,” ಅಂದ ಗುಮಾಸ್ತ. “ನಮಗೂ ಓದ್ಲಿಕ್ಕೆ ಆಗುದಿಲ್ಲ.”

ಅದು ಬೀಗದ ತಪ್ಪಲ್ಲ. ಅಜ್ಜ ಅಕ್ಷರಗಳನ್ನು ಒಳಗೆ ಇಟ್ಟುಕೊಳ್ಳುವ ರೀತಿಯೇ ಬೇರೆ ಅಂತೆ. ಅವನ ಲೆಕ್ಕದ ಎ ಬೇರೆ, ಈಚೆ ಕಂಪ್ಯೂಟರಿನ ಎ ಬೇರೆ. ಕಳಿಸುವಾಗ ಅದನ್ನು ಬದಲಾಯಿಸು ಎಂದು ಅವನಿಗೆ ಹೇಳಬೇಕು. ಮೇಡಂ ಪುತ್ತೂರಿಗೆ ಹೋಗಿ ಆ ಚಳಿಯ ಕೋಣೆಯಲ್ಲಿ ಜಾಕೆಟ್ ಹಾಕಿ ಕೂತು ಸರಿ ಮಾಡಿದರು. ಆದರೆ ಅಷ್ಟರಲ್ಲಿ ಗುಮಾಸ್ತನ ಮಾತು ಅವರಿಗಿಂತ ಮುಂಚೆಯೇ ಪುತ್ತೂರಿಗೆ ಮುಟ್ಟಿತ್ತು. ಸಂಘದ ಸಭೆಯಲ್ಲಿ ಒಬ್ಬ ಸದಸ್ಯ ಎದ್ದು ನಿಂತು, ಇಷ್ಟು ಖರ್ಚು ಮಾಡಿ ತಂದ ಲೈನಿನಲ್ಲಿ ಬರುವುದು ಗೀಚು ಮಾತ್ರ ಅಂತೆ, ಹೌದಾ ಎಂದು ಕೇಳಿದನಂತೆ. ಅಧ್ಯಕ್ಷರಿಗೆ ಅದು ತಾಗಿತು. ಅದು ತಾಗಿದ್ದೇ ಮುಂದಿನದಕ್ಕೆಲ್ಲ ಮೂಲ.

ಸುಳ್ಯದ ಲೈನು ಆಟಿ ತಿಂಗಳಲ್ಲಿ ಆಯಿತು. ಅಲ್ಲಿನ ಕಾರ್ಯದರ್ಶಿ ಕುಶಾಲಪ್ಪಣ್ಣ. ನಮ್ಮ ಹಾಗೆಯೇ ಅರೆಭಾಷೆ ಮಾತಾಡುವವರು, ನಮ್ಮ ಅವ್ವನಿಗೆ ದೂರದ ಸಂಬಂಧ. ಅವರ ಸ್ವರ ಎಷ್ಟು ದೊಡ್ಡದು ಎಂದರೆ, ಅವರು ಫೋನಿನಲ್ಲಿ ಮಾತಾಡುವಾಗ ಫೋನು ಯಾಕೆ ಎಂದು ಜನ ಕೇಳುತ್ತಿದ್ದರು. ಒಳ್ಳೆಯ ಮನುಷ್ಯ. ಯಾರ ಮನೆಯಲ್ಲಿ ಕಷ್ಟವಾದರೂ ಮೊದಲು ಹೋಗುವವರು. ಸುಳ್ಯದಲ್ಲಿ ಗೀಚು ಬರಲಿಲ್ಲ. ಸುಳ್ಳು ಫೈಲು ಚಂದಕ್ಕೆ ಬಂತು. ಮೇಡಂ ಅದನ್ನು ಅಳಿಸಿ ಹಾಕಿ, ನಿಜವಾದ ಫೈಲುಗಳನ್ನು ಕಳಿಸಲು ಸುರು ಮಾಡಿಸಿದರು. ಕೆಲಸ ಮುಗಿಯಿತು.

ಮುಗಿಯಲಿಲ್ಲ. ಉದ್ಘಾಟನೆ ಆಗಬೇಕಲ್ಲ.

“ಆಟಿಯಲ್ಲಿ ಉದ್ಘಾಟನೆ ಮಾಡ್ತಾರಾ ಯಾರಾದ್ರೂ?” ಅಂದರು ಅಧ್ಯಕ್ಷರು. “ಸೋಣ ತಿಂಗಳು ಬರ್ಲಿ. ಸುಳ್ಯದಲ್ಲೇ ಮಾಡುವ, ಜೋರು ಮಾಡುವ.”

ಲೈನು ಆಗಲೇ ಓಡುತ್ತಿದೆ, ಫೈಲು ದಿನಾ ಹೋಗಿ ಬರುತ್ತಿದೆ ಎಂದು ಮೇಡಂ ಹೇಳಿ ನೋಡಿದರು. “ಅದು ಓಡ್ಲಿ. ಉದ್ಘಾಟನೆ ಸೋಣದಲ್ಲಿ,” ಅಂದರು. ಆಟಿಯಲ್ಲಿ ನಮ್ಮಲ್ಲಿ ಶುಭದ ಕೆಲಸ ಯಾವುದೂ ಮಾಡುವುದಿಲ್ಲ. ಅಂಗಡಿ ತೆರೆಯುವುದಿಲ್ಲ, ಹೆಣ್ಣು ನೋಡುವುದಿಲ್ಲ, ಮದುವೆಯ ಮಾತು ಎತ್ತುವುದಿಲ್ಲ.

ನಮ್ಮ ಮನೆಯಲ್ಲಿ ಕೂಡ ಒಂದು ಮಾತು ಆಟಿ ಕಳೆಯಲಿ ಎಂದು ನಿಂತಿತ್ತು.

ನಮ್ಮ ಮನೆ ಮರ್ಕಂಜದಲ್ಲಿ. ಅಪ್ಪ ಇಲ್ಲ. ಅವ್ವ, ನಾನು, ತಂಗಿ ಅನಿತ. ಅನಿತ ಸುಳ್ಯ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿಗೆ ಕಲ್ಲುಗುಂಡಿಯ ದಿನೇಶ ಎಂಬವ ಅಂಗಿ ತೆಗೆದುಕೊಳ್ಳಲು ಬಂದ. ಟಯರ್ ರಿಪೇರಿಯ ಅಂಗಡಿ ಅವನದ್ದು. ಆಮೇಲೆ ಇನ್ನೊಂದು ಅಂಗಿಗೆ ಬಂದ. ಆಮೇಲೆ ಇನ್ನೊಂದಕ್ಕೆ. ಟಯರಿನವನಿಗೆ ಇಷ್ಟು ಬಿಳಿ ಅಂಗಿ ಯಾಕೆ ಎಂದು ಅಂಗಡಿಯ ಯಜಮಾನನೇ ಕೇಳಿದನಂತೆ. ದಿನೇಶನ ಸೋದರಮಾವ ಪೂವಪ್ಪ ಎಂಬವರು ಆಟಿ ಸುರುವಾಗುವ ಮೊದಲೇ ಬಂದು ಅವ್ವನ ಹತ್ತಿರ ಸೂಕ್ಷ್ಮಕ್ಕೆ ಕೇಳಿ ಹೋಗಿದ್ದರು. ಸೋಣದಲ್ಲಿ ಗಟ್ಟಿ ಮಾತು ಎಂದಾಯಿತು.

ಅನಿತನಿಗೆ ಸಣ್ಣದಿರುವಾಗಿನಿಂದ ಫಿಟ್ಸ್ ಉಂಟು. ಬರುವುದು ಈಗ ತುಂಬ ಅಪರೂಪ. ಆ ಮಳೆ ಸುರುವಾಗುವಾಗ ಒಂದು ಸಲ ಬಂತು. ಮಂಗಳೂರಿನ ಆಸ್ಪತ್ರೆಯಲ್ಲಿ ಸೇರಿಸಿದೆವು. ಡಾಕ್ಟ್ರು ಮಾತ್ರೆ ಬದಲಾಯಿಸಿ, ಹುಷಾರಾಗಿ ಮಾತ್ರೆ ತೆಗೆದುಕೊಂಡರೆ ಮದುವೆ, ಮಕ್ಕಳು ಎಲ್ಲ ಆಗಬಹುದು ಅಂದರು. ಅದರ ಅರ್ಜಿಯನ್ನೇ ಸಂಘಕ್ಕೆ ಕೊಟ್ಟದ್ದು.

ಅವ್ವ, ಹೇಳುವುದು ಬೇಡ ಅಂದಳು. ಮದುವೆಯಾದ ಮೇಲೆ ನೋಡುವ ಅಂದಳು. ಅನಿತ ಒಪ್ಪಲಿಲ್ಲ.

“ನಾನೇ ಹೇಳ್ತೇನೆ. ಫೋನಲ್ಲಿ ಅಲ್ಲ. ನೀನೂ ಬೇಡ, ಅವ್ವನೂ ಬೇಡ. ಎದುರು ಕೂತು ನಾನೇ ಹೇಳುದು.” ಮನೆಯಲ್ಲಿ ನಮ್ಮದು ಅರೆಭಾಷೆ. ಎಲ್ಲರಿಗೂ ಅರ್ಥವಾಗಲಿ ಎಂದು ಕನ್ನಡದಲ್ಲಿ ಹಾಕಿದ್ದೇನೆ.

“ಅವ ಬೇಡ ಅಂದ್ರೆ?”

“ಅಂದ್ರೆ ಬೇಡ. ಅವನಿಗೆ ಬೇಡ ಅನ್ಲಿಕ್ಕೆ ಒಂದು ಅವಕಾಶ ಬೇಡ್ವಾ? ನಾನು ಅಂಗಿ ಮಾರುವಾಗಲೂ ಹೊಲಿಗೆ ಬಿಟ್ಟದ್ದು ಇದ್ರೆ ತೋರಿಸಿಯೇ ಕೊಡುದು.”

ಸೋಣದ ಮೊದಲ ಆದಿತ್ಯವಾರ ದಿನೇಶ ಅವಳನ್ನು ಕಾಣಲು ಬರುವುದೆಂದಾಯಿತು. ಅವತ್ತು ಹೇಳುವುದು ಎಂದು ಅವಳು ನಿಶ್ಚಯ ಮಾಡಿದ್ದಳು. ಸಂಘದ ಉದ್ಘಾಟನೆ ಅದರ ಹಿಂದಿನ ಶುಕ್ರವಾರ.

ಶುಕ್ರವಾರ ಬೆಳಿಗ್ಗೆ ಸುಳ್ಯ ಶಾಖೆಯಲ್ಲಿ ಹಾಲ್ ತುಂಬ ಕುರ್ಚಿ ಹಾಕಿದೆ. ಬಾಗಿಲಿಗೆ ಬಾಳೆಗಿಡ ಕಟ್ಟಿದೆ. ಮೈಕ್, ಆಂಪ್ಲಿಫಾಯರ್, ಜನರೇಟರ್ ಎಲ್ಲ ನನ್ನ ವಶ. ಕಂಪ್ಯೂಟರಿಗೆ ಸೇವಂತಿಗೆ ಹಾರ ಹಾಕಿದ್ದರು, ಹಾರ ಪರದೆಗೆ ಅಡ್ಡ ಬರುತ್ತಿತ್ತು, ಮೇಡಂ ಅದನ್ನು ಪಕ್ಕಕ್ಕೆ ಸರಿಸಿದರು. ಹಿಂದೆ ತಿಂಡಿಗೆ ಗೋಳಿಬಜೆ ಬೇಯುತ್ತಿತ್ತು. ದೀಪ ಹಚ್ಚುವ ಸ್ವಲ್ಪ ಮೊದಲು ಅಧ್ಯಕ್ಷರು ರೈಗಳನ್ನು ಕರೆದು, ಎಲ್ಲರ ಎದುರು ಒಂದು ಫೈಲು ತರಿಸಿ ಮೈಕಿನಲ್ಲಿ ಒಂದು ಸಾಲು ಓದಿಸಬೇಕು ಅಂದರು. “ಗೀಚು ಬರ್ತದೆ ಅಂತ ಹೇಳಿದವ ಬಂದು ಎದುರೇ ಕೂತಿದ್ದಾನೆ. ಅವನಿಗೆ ಕೇಳ್ಬೇಕು.”

ಮೇಡಂ ಹತ್ತಿರವೇ ಇದ್ದರು. “ಸರ್, ಹಾಗಾದ್ರೆ ನಾನು ಒಂದು ಟೆಸ್ಟ್ ಫೈಲ್ ಮಾಡ್ತೇನೆ. ಹಳೇದು ಅಳಿಸಿದ್ದೇನೆ. ಸ್ವಲ್ಪ ಹೊತ್ತು ಕೊಡಿ, ಸುಳ್ಳು ಹೆಸರು ಹಾಕಿ—”

“ಸುಳ್ಳು ಹೆಸರಾ?” ಅಧ್ಯಕ್ಷರು ಅವರ ಮುಖ ನೋಡಿದರು. “ದೇವರ ದೀಪ ಹಚ್ಚಿ ಸುಳ್ಳು ಓದುದಾ ಮೇಡಂ?”

“ಇದು ಜನರ ಕಾಯಿಲೆಯ ವಿಷಯ ಸರ್.”

“ಒಂದು ಸಾಲು ಅಲ್ವಾ ಮೇಡಂ,” ಅಂದರು ರೈಗಳು. “ನಮ್ಮವರೇ ಇರುದು ಇಲ್ಲಿ. ಹೊರಗಿನವರು ಯಾರಿದ್ದಾರೆ?”

ಮೇಡಂ ಇನ್ನೂ ಏನೋ ಹೇಳುವಷ್ಟರಲ್ಲಿ ಸ್ವಾಗತ ಗೀತೆ ಸುರುವಾಯಿತು. ನಾನು ಮೈಕಿನ ಕಿವಿ ತಿರುಗಿಸಲು ಹೋದೆ. ಈ ಮಾತನ್ನು ನಾನು ಕೇಳಿದ್ದೆ, ಆದರೆ ನನ್ನ ಮನೆಗೆ ಸಂಬಂಧ ಉಂಟೆಂದು ಹೊಳೆಯಲಿಲ್ಲ. ಯಾರಿಗೆ ಹೊಳೆಯುತ್ತದೆ?

ದೀಪ ಆಯಿತು. ಭಾಷಣ ಆಯಿತು. ಬೀಗದ ವಿಷಯ ರೈಗಳು ಭಾರೀ ಚಂದ ಹೇಳಿದರು. ನಮ್ಮ ಸದಸ್ಯರ ಕಾಯಿಲೆಯ ಗುಟ್ಟು ಇನ್ನು ದಾರಿಯಲ್ಲಿ ನೊಣಕ್ಕೂ ಗೊತ್ತಾಗಲಿಕ್ಕಿಲ್ಲ ಅಂದರು. ಅದಕ್ಕೆ ಚಪ್ಪಾಳೆ ಬಿತ್ತು. ಮೂರನೇ ಸಾಲಿನಲ್ಲಿ ಪೂವಪ್ಪ ಕೂತಿದ್ದರು. ಅವರೂ ಸಂಘದ ಸದಸ್ಯರು. ನನ್ನನ್ನು ನೋಡಿ, ಇನ್ನು ನೆಂಟರಾಗುವವರು ನೋಡುವ ಹಾಗೆ ತಲೆ ಆಡಿಸಿದರು.

ಅಧ್ಯಕ್ಷರು ಒಂದು ಬಟನ್ ಒತ್ತಿದರು. ಪುತ್ತೂರಿನಿಂದ ಅವತ್ತು ಪಾಸಾದ ಅರ್ಜಿಗಳ ಫೈಲು ಬಂತು. ಹೆಸರುಗಳು ಇಂಗ್ಲಿಷ್ ಅಕ್ಷರದ ವರಸೆಯಲ್ಲಿ ಇರುತ್ತವೆ. ಎ ಮೊದಲು. ಕುಶಾಲಪ್ಪಣ್ಣ ಕನ್ನಡಕ ಹಾಕಿ, ಮೈಕನ್ನು ಬಾಯಿಗೆ ಹತ್ತಿರ ತಂದರು. ಅವರಿಗೆ ಇಂಗ್ಲಿಷ್ ನಿಧಾನ. ಬೆರಳು ಇಟ್ಟು ಓದುವುದು.

“ಬಂತು. ಗೀಚು ಇಲ್ಲ. ಎಲ್ಲ ಅಕ್ಷರ ಉಂಟು. ಮೊದಲನೇ ಹೆಸರು... ಅನಿತ. ಮರ್ಕಂಜ...”

ಅವರಿಗೆ ಯಾರೆಂದು ಗೊತ್ತಾಗಲಿಲ್ಲ. ಇದನ್ನು ನಾನು ಇವತ್ತೂ ನಂಬುತ್ತೇನೆ. ಅವರು ಅಕ್ಷರ ಓದುತ್ತಿದ್ದರು, ಹೆಸರು ಓದುತ್ತಿರಲಿಲ್ಲ. ಮರ್ಕಂಜದಲ್ಲಿ ಅನಿತ ಬೇರೆಯೂ ಇರಬಹುದು. ಆದರೆ ಅದರ ಹಿಂದೆ ನಮ್ಮ ಅಪ್ಪನ ಹೆಸರು ಬಂತು. ನನ್ನ ಕೈ ಆಂಪ್ಲಿಫಾಯರಿನ ವಯರಿಗೆ ಹೋಯಿತು. ಎಳೆದೆ.

ಮೈಕ್ ಸತ್ತಿತು.

“ಕರೆಂಟ್ ಹೋಯ್ತು!” ಎಂದು ಯಾರೋ ಕೂಗಿದರು. “ಸಂಘದ ಲೈನು ಉಂಟು, ಕರೆಂಟಿನ ಲೈನಿಲ್ಲ,” ಎಂದು ಗೀಚಿನ ಸದಸ್ಯ ಅಂದ. ಎಲ್ಲರೂ ನಕ್ಕರು. ಅದುವರೆಗೆ ಹಿಂದಿನ ಸಾಲಿನವರು ತಮ್ಮತಮ್ಮ ಮಾತಿನಲ್ಲಿದ್ದರು. ಈಗ ಎಲ್ಲರೂ ಎದುರು ನೋಡಿದರು. ಕುಶಾಲಪ್ಪಣ್ಣನಿಗೆ ಆ ನಗೆ ಅವಮಾನವಾಯಿತು. ಮೈಕನ್ನು ಮೇಜಿನ ಮೇಲೆ ಇಟ್ಟರು.

“ನನಗೆ ಮೈಕ್ ಯಾಕೆ ಮಾರಾಯ್ರೆ!” ಅಂದರು. “ಹಿಂದಿನವರಿಗೂ ಕೇಳ್ಲಿ. ಮೊದಲಿಂದ ಓದ್ತೇನೆ.”

ಮೊದಲಿನಿಂದ ಓದಿದರು. ಹೆಸರು, ಊರು, ಅಪ್ಪನ ಹೆಸರು, ಆಸ್ಪತ್ರೆ. ನಾನು ಕುರ್ಚಿಗಳ ನಡುವೆ ಎದುರಿಗೆ ಓಡುತ್ತಿದ್ದೆ. ಮೇಡಂ ಎದ್ದು ಪರದೆಯ ಎದುರು ಕೈ ಅಡ್ಡ ಹಿಡಿದರು. ಕುಶಾಲಪ್ಪಣ್ಣ ಅಷ್ಟರಲ್ಲಿ ಓದಿ ಆಗಿತ್ತು. ಎಪಿಲೆಪ್ಸಿ ಎಂಬ ಶಬ್ದ ಅವರ ಬಾಯಲ್ಲಿ ಸಲೀಸಾಗಿ ಬರಲಿಲ್ಲ. ಬಿಡಿಸಿ ಬಿಡಿಸಿ ಓದಿ, ಆಮೇಲೆ ಜನರಿಗೆ ಅರ್ಥವಾಗಲಿ ಎಂದು ತಾವೇ ಸೇರಿಸಿದರು.

“ಅಂದ್ರೆ ನಮ್ಮ ಈ ಫಿಟ್ಸ್.”

ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು. ಆಗ ಗೊತ್ತಾಯಿತು ಅವರಿಗೆ. ಬಾಯಿ ಹಾಗೇ ತೆರೆದಿತ್ತು.

ಜನ ಚಪ್ಪಾಳೆ ಹೊಡೆದರು. ಯಾಕೆಂದರೆ ಗೀಚು ಬರಲಿಲ್ಲ. ಅಧ್ಯಕ್ಷರು ಎದ್ದು ನಿಂತು, “ನೋಡಿ, ಒಂದು ಅಕ್ಷರ ತಪ್ಪಿಲ್ಲ!” ಅಂದರು. ಚಪ್ಪಾಳೆ ಇನ್ನೂ ಜೋರಾಯಿತು. ಪೂವಪ್ಪ ಚಪ್ಪಾಳೆ ಹೊಡೆಯಲಿಲ್ಲ. ಎದ್ದು, ವೇಷ್ಟಿ ಸರಿ ಮಾಡಿ, ಗೋಳಿಬಜೆಗೂ ನಿಲ್ಲದೆ ಹೊರಗೆ ಹೋದರು. ನಾನು ಬಾಗಿಲ ಹತ್ತಿರ ಅವರನ್ನು ಹಿಡಿದೆ.

“ಪೂವಪ್ಪಣ್ಣ, ಅದು ಆದಿತ್ಯವಾರ ಅವಳೇ ಹೇಳ್ತಿದ್ಲು. ಸತ್ಯವಾಗ್ಲೂ.”

“ಹೌದು ಹೌದು,” ಅಂದರು ಅವರು. ಸಿಟ್ಟು ಕೂಡ ಮಾಡಲಿಲ್ಲ. “ಈಗ ಇನ್ನೆಂತ ಹೇಳುದು?”

ಬಟ್ಟೆ ಅಂಗಡಿ ರಸ್ತೆಯ ಆಚೆ ಬದಿ. ನಾನು ಅಲ್ಲಿಗೆ ಹೋಗುವಾಗ ಅನಿತ ಸೀರೆ ಮಡಚುತ್ತಿದ್ದಳು. ಶಾಖೆಯ ಹೊರಗೆ ಪೇಟೆಗೆ ಮುಖ ಮಾಡಿ ಲೌಡ್‌ಸ್ಪೀಕರ್ ಕಟ್ಟಿದ್ದು ನಾನೇ. ಹೆಸರು ಅವಳಿಗೆ ಕೇಳಿತ್ತು. “ನನ್ನ ಹೆಸರು ಯಾಕೆ ಕೂಗಿದ್ದು? ಬಹುಮಾನ ಗಿಹುಮಾನ ಉಂಟಾ?” ಎಂದು ಕೇಳಿದಳು, ನಗುತ್ತಾ. ನಾನು ಹೇಳಿದೆ. ಅವಳು ಸೀರೆಯನ್ನು ಪೂರ್ತಿ ಮಡಚಿ, ಕಪಾಟಿನಲ್ಲಿ ಇಟ್ಟು, ಆಮೇಲೆ ಕೂತಳು.

ಸಂಜೆ ಪುತ್ತೂರಿನ ಕಚೇರಿಯಲ್ಲಿ ರೈಗಳನ್ನು ಹಿಡಿದು ಕೇಳಿದೆ. ಏನು ಕೇಳಿದೆ ಎಂದು ಬರೆದರೆ ಇದನ್ನು ಯಾರೂ ಅಚ್ಚು ಹಾಕಲಿಕ್ಕಿಲ್ಲ. ಅವರು ಎದ್ದು ಕೋಣೆಯ ಬಾಗಿಲು ಹಾಕಿದರು. ಆಮೇಲೆ ಅಂದರು, “ನೋಡು ಲೋಕು, ನೀನು ಆ ವಯರು ಎಳೆಯದಿದ್ರೆ ಯಾರೂ ಲಕ್ಷ್ಯ ಕೊಡ್ತಿರ್ಲಿಲ್ಲ. ಜನ ಅವರಷ್ಟಕ್ಕೆ ಮಾತಾಡ್ತಾ ಇದ್ರು. ನೀನೇ ಎಲ್ಲರ ಗಮನ ಅಲ್ಲಿಗೆ ತಂದದ್ದು.”

ಅಂದರೆ ತಪ್ಪು ನನ್ನದು. ನಾನು ತಂಗಿಯ ಹೆಸರು ಕೇಳಿ ಕೈಕಟ್ಟಿ ನಿಲ್ಲಬೇಕಿತ್ತು. ಜೀಪಿನ ಕೀಲಿಯನ್ನು ಅವರ ಮೇಜಿನ ಮೇಲೆ ಬಿಸಾಡಿ ಬಂದೆ. ಆಮೇಲೆ ಆ ಕಚೇರಿಯ ಮೆಟ್ಟಿಲು ಹತ್ತಲಿಲ್ಲ.

ರೆನಿಟಾ ಮೇಡಂ ಫೋನು ಮಾಡಿದರು. ಇನ್ನು ಶಾಖೆಯ ಪರದೆಯಲ್ಲಿ ಕಾಯಿಲೆಯ ಹೆಸರು ಕಾಣದ ಹಾಗೆ ಮಾಡಿದ್ದೇನೆ ಅಂದರು. ಫೈಲು ಹೋಗುವ ದಾರಿ ಭದ್ರ ಮಾಡುವುದು ತನಗೆ ಕೊಟ್ಟ ಕೆಲಸ, ತಲುಪಿದ ಮೇಲೆ ಯಾರು ಏನು ನೋಡಬೇಕು ಎಂದು ತಾನು ಮೊದಲೇ ಹಟ ಹಿಡಿಯಬೇಕಿತ್ತು ಅಂದರು. ಅತ್ತರೋ ಏನೋ. ನಾನು ಹೂಂ ಅಂದು ಇಟ್ಟೆ. ಅವರೊಬ್ಬರ ಮೇಲೆ ನನಗೆ ಸಿಟ್ಟಿಲ್ಲ.

ಕುಶಾಲಪ್ಪಣ್ಣ ಶನಿವಾರ ಮನೆಗೆ ಬಂದರು. ಒಂದು ಗೊನೆ ಕದಳಿ ಹಣ್ಣು ತಂದಿದ್ದರು. ಜಗಲಿಯಲ್ಲಿ ಕೂತು, ಆ ದೊಡ್ಡ ಸ್ವರ ಎಲ್ಲಿ ಹೋಯಿತೋ, ಪಿಸುಮಾತಿನಲ್ಲಿ ಅವ್ವನ ಹತ್ತಿರ ಮಾತಾಡಿದರು. “ನನಗೆ ಗೊತ್ತಾಗ್ಲಿಲ್ಲ ಅಕ್ಕ. ಅವಳು ನನ್ನ ಮಗಳ ಹಾಗೆ. ಅಧ್ಯಕ್ಷರನ್ನು ಕರ್ಕೊಂಡು ಕಲ್ಲುಗುಂಡಿಗೆ ಹೋಗ್ತೇನೆ. ನಾವು ಹೇಳಿದ್ರೆ ಅವರು ಕೇಳಿಯಾರು.”

ಅನಿತ ಒಳಗಿನಿಂದ ಬಂದಳು. “ಬೇಡ ಮಾವ. ನೀವು ಇನ್ನು ಯಾರಿಗೂ ಎಂತದೂ ಹೇಳ್ಬೇಡಿ.”

ಅವರು ಹೋದ ಮೇಲೆ ಅವ್ವ ಆ ಗೊನೆಯನ್ನು ದನಕ್ಕೆ ಹಾಕಿದಳು.

ಆದಿತ್ಯವಾರ ದಿನೇಶ ಬರಲಿಲ್ಲ. ಫೋನೂ ಇಲ್ಲ. ಸೋಮವಾರ ಅನಿತ ಸೀರೆ ಉಟ್ಟು ಅಂಗಳಕ್ಕೆ ಬಂದು, “ಬೈಕ್ ತೆಗಿ, ಕಲ್ಲುಗುಂಡಿಗೆ ಹೋಗುವ” ಅಂದಳು. ಅವ್ವ ಬೇಡ ಬೇಡ ಅಂದಳು. ಹೆಣ್ಣು ತಾನಾಗಿ ಗಂಡಿನ ಅಂಗಡಿಗೆ ಹೋಗುವುದುಂಟಾ ಅಂದಳು. ಅನಿತ ಆಗಲೇ ಬೈಕಿನ ಹಿಂದೆ ಕೂತಿದ್ದಳು.

ಟಯರ್ ಅಂಗಡಿ ಮಡಿಕೇರಿ ರಸ್ತೆಯ ಬದಿಯಲ್ಲೇ. ದಿನೇಶ ಲಾರಿಯ ಚಕ್ರ ಬಿಚ್ಚುತ್ತಿದ್ದ. ನಮ್ಮನ್ನು ನೋಡಿ ಕೈ ಒರೆಸಿಕೊಂಡು ಎದ್ದ. ನಾನು ಬೈಕಿನ ಹತ್ತಿರವೇ ನಿಂತೆ. ದೂರ ಹೋಗು ಎಂದು ಅವಳು ಹೇಳಲಿಲ್ಲ, ಹತ್ತಿರ ಬಾ ಎಂದೂ ಹೇಳಲಿಲ್ಲ.

“ನಿನ್ನೆ ಬರ್ತೇನೆ ಅಂದಿದ್ರಿ,” ಅಂದಳು.

“ಮನೆಯಲ್ಲಿ ಬಿಡ್ಲಿಲ್ಲ.”

“ನಾನು ನಿನ್ನೆ ಹೇಳ್ಬೇಕು ಅಂತ ಇದ್ದೆ. ಫಿಟ್ಸಿನ ವಿಷಯ.”

ಅವ ಕೈ ಒರೆಸುತ್ತಲೇ ಇದ್ದ. ಕೆಟ್ಟವನಲ್ಲ ಅವ. ಮುಖ ನೋಡಿದರೆ ಗೊತ್ತಾಗುತ್ತಿತ್ತು, ನಿದ್ದೆ ಇಲ್ಲದ ಕಣ್ಣು. “ನನಗೆ ಅದು ದೊಡ್ಡದಲ್ಲ,” ಅಂದ. “ನೀವು ಹೇಳಿದ್ರೆ ನಾನು ಮನೆಯಲ್ಲಿ ಜಗಳ ಮಾಡಿಯಾದ್ರೂ ಒಪ್ಪಿಸ್ತಿದ್ದೆ. ಈಗ ಮಾವ ಹೇಳುದು, ಸಂಘದವರು ಓದದಿದ್ರೆ ಇವರು ಹೇಳ್ತಿರ್ಲಿಲ್ಲ ಅಂತ. ಮುಚ್ಚಿಟ್ಟು ಕೊಡ್ತಿದ್ರು ಅಂತ. ನಾನು ಅವರಿಗೆ ಎಂತ ಹೇಳ್ಲಿ?”

“ನಾನು ಹೇಳ್ತಿದ್ದೆ ಅಂತ ಹೇಳಿ.”

“ಹೇಳಿದೆ. ಸಿಕ್ಕಿಬಿದ್ದ ಮೇಲೆ ಎಲ್ಲರೂ ಹಾಗೇ ಹೇಳುದಲ್ವಾ ಅಂದ್ರು.”

“ನೀವು ಎಂತ ಅಂದ್ರಿ?”

ದಿನೇಶ ಅವಳನ್ನು ನೋಡಿದ. ಆಮೇಲೆ ಚಕ್ರವನ್ನು ನೋಡಿದ. ಲಾರಿಯವ ಒಳಗಿನಿಂದ “ಎಷ್ಟು ಹೊತ್ತು ಮಾರಾಯ, ಘಾಟಿ ಹತ್ಲಿಕ್ಕೆ ಉಂಟು” ಎಂದು ಕೂಗಿದ. ದಿನೇಶ ಬಗ್ಗಿ ಸ್ಪ್ಯಾನರ್ ಎತ್ತಿಕೊಂಡ. ಅವನಿಗೂ ನಂಬಿಕೆ ಬಂದಿರಲಿಲ್ಲ. ಬರಲು ಅವನ ಹತ್ತಿರ ದಾರಿ ಏನಿತ್ತು? ಶುಕ್ರವಾರದ ಮೊದಲು ಹೇಳಿದರೆ ಅದು ಮಾತು. ಶುಕ್ರವಾರದ ನಂತರ ಹೇಳಿದರೆ ಅದು ಸಮಜಾಯಿಷಿ.

ಅನಿತ ಬಂದು ಬೈಕಿನಲ್ಲಿ ಕೂತಳು. ಅರಂತೋಡು ದಾಟಿದೆವು. ಮಳೆ ಹನಿಯಲು ಸುರುವಾಗಿತ್ತು. ನಿಲ್ಲಿಸಲಾ ಎಂದು ಕೇಳಿದೆ. ಬೇಡ ಅಂದಳು.

“ಲೋಕಣ್ಣ, ಅವನಿಗೆ ಹೇಗೆ ಹೇಳುದು ಅಂತ ನಾನು ಆಟಿ ಇಡೀ ಅಭ್ಯಾಸ ಮಾಡಿದ್ದೆ. ಕನ್ನಡಿ ಎದುರು ನಿಂತು. ಚಂದ ಇತ್ತು. ನಿನಗೆ ಹೇಳ್ಲಾ?”

“ಹೇಳು,” ಅಂದೆ.

ಅವಳು ಹೇಳಿದಳು. ನನ್ನ ಬೆನ್ನಿಗೆ ಮುಖ ಮಾಡಿ, ದಿನೇಶನಿಗೆ ಹೇಳುವ ಹಾಗೆ, ನೀವು ಎಂದು ಸುರು ಮಾಡಿ. ತುಂಬಾ ಹೊತ್ತು ಹೇಳಿದಳು. ಒಂದು ಕಡೆ ತಾನೇ ನಕ್ಕಳು, ಅಲ್ಲಿ ಅವನನ್ನು ನಗಿಸುವುದೆಂದು ಇಟ್ಟಿದ್ದಳೋ ಏನೋ. ಮಳೆ ಜೋರಾಯಿತು, ಎದುರಿನಿಂದ ಲಾರಿಗಳು, ನನ್ನ ತಲೆಯಲ್ಲಿ ಹೆಲ್ಮೆಟ್ಟು. ಅರ್ಧವೂ ನನಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳು ಎಂದು ಕೇಳಲು ಬಾಯಿ ಬರಲಿಲ್ಲ.

ಇಷ್ಟೇ. ನನಗೆ ಬೇರೆ ಹೇಳಲಿಕ್ಕೆ ಇಲ್ಲ.